ತಾತ–ಅಜ್ಜಿಯರಿಗೆ ತರಗತಿಯಲ್ಲೊಂದು ಕೆಲಸ

ಮನೆಯ ಹಿರಿಯರನ್ನು ಪ್ರಾಥಮಿಕ ಶಾಲೆಯ ಕಲಿಕೆಯಲ್ಲಿ ಸೇರಿಸಿಕೊಳ್ಳುವ ವಿಚಾರವಾಗಿ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಓದುಗರಿಂದ ಬಂದಿರುವ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಒಟ್ಟಾಗಿ ಎತ್ತಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ನಲಿ-ಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಶಿಕ್ಷಕಿ. ಒಂದರಿಂದ ಮೂರನೇ ತರಗತಿಯವರೆಗಿನ 22 ಮಕ್ಕಳಿದ್ದಾರೆ. ಹೋದ ವರ್ಷ ‘ತಾತ–ಅಜ್ಜಿಯರ ದಿನ’ ಮಾಡಿ, ಬಂದವರಿಗೆಲ್ಲ ಶಾಲು ಹೊದಿಸಿ, ಮಕ್ಕಳಿಂದ ಆರತಿ ಎತ್ತಿಸಿದೆವು. ಎಲ್ಲರಿಗೂ ಸಂತೋಷವಾಯಿತು, ಕೆಲವರು ಕಣ್ಣೀರಿಟ್ಟರು. ಆದರೆ ಮಾರನೆಯ ದಿನ ತರಗತಿಯಲ್ಲಿ ಅದರ ಗುರುತೇ ಉಳಿದಿರಲಿಲ್ಲ. ಈ ಸಲ ಅವರನ್ನು ಪಾಠದೊಳಗೇ ಕೂರಿಸಿಕೊಳ್ಳಬೇಕೆಂಬ ಆಸೆಯಿದೆ. ಹೇಗೆ ಆರಂಭಿಸಲಿ? ಪಾಠಗಳು ಹಿಂದೆ ಬೀಳುವುದಿಲ್ಲವೇ?
– ಶಿಕ್ಷಕಿ, ಪಾಂಡವಪುರ ತಾಲ್ಲೂಕು

ಉತ್ತರ: ನೀವು ಹೋದ ವರ್ಷ ಮಾಡಿದ್ದು ತಪ್ಪಲ್ಲ. ವರ್ಷಕ್ಕೊಮ್ಮೆ ಹಿರಿಯರನ್ನು ಕೂರಿಸಿ ಮರ್ಯಾದೆ ಮಾಡುವುದು ನಮ್ಮ ಊರುಗಳಿಗೆ ಒಪ್ಪುವ ನಡವಳಿಕೆ. ಆದರೆ ಶಾಲು ಹೊದಿಸಿಕೊಂಡು ವೇದಿಕೆಯ ಮೇಲೆ ಕುಳಿತ ಅಜ್ಜಿಗೂ ಕೆಳಗೆ ಸಾಲಾಗಿ ಕುಳಿತ ಮಕ್ಕಳಿಗೂ ನಡುವೆ ಅಲ್ಲಿ ಮಾಡಬೇಕಾದ ಕೆಲಸವೇನೂ ಇರುವುದಿಲ್ಲ. ಕೆಲಸವಿಲ್ಲದ ಕಡೆ ಕಲಿಕೆಯೂ ಇರುವುದಿಲ್ಲ ಎಂಬುದು ಇಷ್ಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ದುಡಿದ ನನ್ನ ಅನುಭವ. ಆದ್ದರಿಂದ ‘ಯಾರನ್ನು ಕರೆಯಲಿ’ ಎಂದು ಯೋಚಿಸುವ ಮೊದಲು ‘ಯಾವ ಪಾಠಕ್ಕೆ ಕರೆಯಲಿ’ ಎಂದು ಯೋಚಿಸಿ. ಪಾಠ ಗೊತ್ತಾದರೆ ಅದನ್ನು ಕೈಯಲ್ಲಿ ಬಲ್ಲವರು ಊರಿನಲ್ಲಿ ಯಾರಿದ್ದಾರೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ನಿಮ್ಮದು ನಲಿ-ಕಲಿ ತರಗತಿಯಾಗಿರುವುದು ದೊಡ್ಡ ಅನುಕೂಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ನಾಡಿನ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಮಕ್ಕಳು ಮೊದಲೇ ತಟ್ಟೆಗಳ, ಅಂದರೆ ಒಂದೊಂದು ಗುಂಪಿಗೆ ಗೊತ್ತುಮಾಡಿದ ಜಾಗಗಳ, ಪ್ರಕಾರ ಗುಂಪುಗಳಾಗಿ ಕುಳಿತಿರುತ್ತಾರೆ. ಹಿರಿಯರೊಬ್ಬರು ಬಂದರೆ ಇಡೀ ತರಗತಿಯನ್ನು ಅವರ ಮುಂದೆ ಸಾಲಾಗಿ ನಿಲ್ಲಿಸಬೇಕಾಗಿಲ್ಲ, ಐದಾರು ಮಕ್ಕಳ ಒಂದು ಗುಂಪಿನ ಜೊತೆ ಅವರನ್ನು ಕೂರಿಸಿದರೆ ಸಾಕು. ಜನ್ಮದಲ್ಲಿ ಭಾಷಣ ಮಾಡಿರದವರು ಐದಾರು ಮಕ್ಕಳ ನಡುವೆ ಕುಳಿತರೆ ಮನೆಯ ಜಗಲಿಯ ಮೇಲೆ ಕುಳಿತಂತೆಯೇ ಮಾತನಾಡುತ್ತಾರೆ.

ನನ್ನ ತರಗತಿಯಲ್ಲಿ ನಡೆದ ಒಂದು ಬೆಳಗನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ನನಗೆ ಹೊಳೆದದ್ದು ಅಲ್ಲಿಂದಲೇ. ಅಳತೆಯ ಪಾಠವಿತ್ತು. ಮೂರನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಅಟ್ಟದ ಮೇಲಿದ್ದ ಹಳೆಯ ಸೇರು, ಪಾವುಗಳನ್ನು ತೊಳೆದು ಒಣಗಿಸಿ, ಒಂದು ಮೊರದ ತುಂಬ ರಾಗಿಯ ಜೊತೆಗೆ ತಂದಿದ್ದರು. ಮೊದಲ ಸೇರು ತುಂಬಿ, ಅಂಗೈಯಿಂದ ತಲೆ ಸವರಿ ಗೋಣಿತಾಟಿನ ಮೇಲೆ ಸುರಿಯುತ್ತ ಅವರು ‘ಲಾಭ’ ಎಂದರು. ಎರಡನೆಯದಕ್ಕೆ ‘ಎರಡು’ ಎಂದರು. ಅಜ್ಜಿಗೆ ಎಣಿಕೆ ತಪ್ಪಿತೆಂದುಕೊಂಡ ಒಬ್ಬ ಹುಡುಗ ‘ಒಂದು ಬಿಟ್ಟೋಯ್ತು ಅಜ್ಜಿ’ ಎಂದು ಕೂಗಿದ. ‘ರಾಸಿ ಅಳೆಯುವಾಗ ಒಂದು ಅನ್ಬಾರ್ದು ಕನ್ ಮಗ, ಲಾಭ ಅನ್ಬೇಕು’ ಎಂದು ಅವರು ನಿಧಾನವಾಗಿ ಹೇಳಿ, ಅವನ ಕೈಗೇ ಸೇರನ್ನು ಕೊಟ್ಟರು. ಅವನು ಅಳೆಯತೊಡಗಿದ ಮೇಲೆ ಪಕ್ಕದ ಗುಂಪಿನ ಮಕ್ಕಳೂ ತಟ್ಟೆಗಳನ್ನು ಬಿಟ್ಟು ಎದ್ದು ಬಂದರು.

ಎರಡು ಪಾವು ಸುರಿದರೆ ಅಚ್ಚೇರು, ನಾಲ್ಕು ಸುರಿದರೆ ಸೇರು. ಹೀಗೆ ಮಕ್ಕಳು ತಾವೇ ತುಂಬಿ, ಸುರಿದು, ಚೆಲ್ಲಿದ್ದನ್ನು ಗೋರಿ ಮತ್ತೆ ತುಂಬಿ ನೋಡುವಾಗ ಕಾಲು, ಅರೆ, ಮುಕ್ಕಾಲು ಎಂಬ ಮಾತುಗಳು ಕಪ್ಪುಹಲಗೆಯ ಮೇಲಿನ ಭಿನ್ನರಾಶಿಗಳಾಗಿ ಉಳಿಯಲಿಲ್ಲ, ಕೈಗೆ ಸಿಕ್ಕುವ ವಸ್ತುಗಳಾದವು. ಆಮೇಲೆ ಅಂಗಡಿಯಿಂದ ತಕ್ಕಡಿ ತರಿಸಿ ಒಂದು ಪಾವು ರಾಗಿ, ಒಂದು ಪಾವು ಅವರೆಕಾಳು, ಒಂದು ಪಾವು ಕಡ್ಲೆಪುರಿಯನ್ನು ಬೇರೆ ಬೇರೆಯಾಗಿ ತೂಗಿಸಿದೆ. ಪಾವು ಒಂದೇ ಆದರೂ ತೂಕ ಮೂರು ಬಗೆಯಾಯಿತು, ಕಡ್ಲೆಪುರಿಗಂತೂ ತಕ್ಕಡಿ ಅಲುಗಿದ್ದೇ ಕಷ್ಟ. ಪಾವು ಎಂಬುದು ಹಿಡಿಸುವ ಜಾಗದ ಅಳತೆ, ಗ್ರಾಂ ಎಂಬುದು ತೂಕದ ಅಳತೆ ಎಂಬ ವ್ಯತ್ಯಾಸವನ್ನು ಅದಕ್ಕೆ ಹಿಂದೆ ಎಷ್ಟೋ ವರ್ಷ ಬಾಯಲ್ಲಿ ಹೇಳಿ ಸೋತಿದ್ದ ನನಗೆ ಆ ದಿನದ ಅರ್ಧ ಗಂಟೆಯೇ ಉತ್ತರವಾಯಿತು. ಪಾಠ ಹಿಂದೆ ಬೀಳುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರವೂ ಅದೇ.

ಹಾಗೆಯೇ ನಾಣ್ಯದ ಪಾಠಕ್ಕೆ ಸಂತೆಯಲ್ಲಿ ವ್ಯಾಪಾರ ಮಾಡಿದ ತಾತನೊಬ್ಬರನ್ನು ಕರೆಯಬಹುದು. ರೂಪಾಯಿಗೆ 16 ಆಣೆಯಿದ್ದ ಲೆಕ್ಕ 1957ರ ಏಪ್ರಿಲ್ 1ರಂದು 100 ಪೈಸೆಗೆ ಬದಲಾದರೂ 25 ಪೈಸೆಯನ್ನು ಜನ ‘ನಾಲ್ಕಾಣೆ’ ಎನ್ನುವುದನ್ನು ಬಿಡಲಿಲ್ಲ. ಆ ನಾಣ್ಯವೇ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು. ನಿಮ್ಮ ಮಕ್ಕಳು ಅದನ್ನು ಕಂಡೇ ಇಲ್ಲ. 16ರಲ್ಲಿ ನಾಲ್ಕು, 100ರಲ್ಲಿ 25, ಎರಡೂ ಕಾಲು ಭಾಗ ಹೇಗೆ ಎಂದು ತಾತನ ಪೆಟ್ಟಿಗೆಯ ತಳದಲ್ಲಿ ಉಳಿದ ಹಳೆಯ ನಾಣ್ಯಗಳನ್ನು ಮುಂದಿಟ್ಟುಕೊಂಡು ಮಕ್ಕಳೇ ಕಂಡುಕೊಳ್ಳಲಿ. ಪರಿಸರ ಅಧ್ಯಯನಕ್ಕೆ ಮಳೆ ನಕ್ಷತ್ರಗಳಿವೆ. ಸೂರ್ಯನು 27 ನಕ್ಷತ್ರಗಳಲ್ಲಿ ಒಂದೊಂದರಲ್ಲಿ ಸುಮಾರು 13–14 ದಿನ ಇರುವ ಲೆಕ್ಕದ ಮೇಲೆ ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗಳನ್ನು ಹೆಸರಿಸುವ ರೈತ ‘ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ’ ಎಂದು ಹೇಳಿಕೊಟ್ಟರೆ, ನೀವು ಗೋಡೆಯ ಮೇಲೊಂದು ಪಟ್ಟಿ ಹಾಕಿ ಯಾವ ಮಳೆಯಲ್ಲಿ ಎಷ್ಟು ದಿನ ಮಳೆ ಬಂತೆಂದು ಮಕ್ಕಳಿಂದ ವರ್ಷವಿಡೀ ಗುರುತು ಹಾಕಿಸಿ. ಗಾದೆ ಈ ವರ್ಷ ನಿಜವಾಯಿತೇ ಎಂದು ಆ ತಾತನ ಜೊತೆಯಲ್ಲೇ ಕುಳಿತು ನೋಡಬಹುದು. ಹಿರಿಯರ ಮಾತನ್ನು ಪರೀಕ್ಷಿಸಿ ನೋಡುವುದು ಅವರಿಗೆ ಅವಮಾನವಲ್ಲ. ಬೇಸಾಯಗಾರನಂತೂ ಪ್ರತಿ ವರ್ಷ ಅದನ್ನೇ ಮಾಡುತ್ತಾನೆ.

ಕರೆಯುವ ರೀತಿಯ ಬಗ್ಗೆ ಎರಡು ಮಾತು. ಮಗುವಿನ ಕೈಯಲ್ಲಿ ಚೀಟಿ ಕಳಿಸಬೇಡಿ, ಸಂಜೆ ಒಮ್ಮೆ ಮನೆಗೆ ಹೋಗಿ. ‘ಶಾಲೆಗೆ ಬಂದು ಏನಾದರೂ ಹೇಳಿ’ ಎಂದರೆ ‘ನನಗೇನು ಗೊತ್ತು ಮಿಸ್ಸೇ’ ಎನ್ನುತ್ತಾರೆ. ‘ನಿಮ್ಮ ಸೇರು, ಪಾವು ತಂದು ನಮ್ಮ ಮಕ್ಕಳಿಗೆ ರಾಗಿ ಅಳೆಯುವುದನ್ನು ತೋರಿಸಿ’ ಎಂದರೆ ತಕ್ಷಣ ಒಪ್ಪುತ್ತಾರೆ. ನಾಲೆಯಲ್ಲಿ ನೀರು ಬಿಟ್ಟು ನಾಟಿ ನಡೆಯುವ ದಿನಗಳಲ್ಲೂ ಕೊಯ್ಲು, ಒಕ್ಕಣೆಯ ದಿನಗಳಲ್ಲೂ ಕರೆಯಬೇಡಿ. ಮೊದಲು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ವಿಷಯವಿಟ್ಟು ಒಪ್ಪಿಗೆ ಬರೆಸಿಕೊಳ್ಳಿ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರವನ್ನು ಮೊದಲ ಪ್ರಯತ್ನಕ್ಕೆ ಇಟ್ಟುಕೊಳ್ಳಬಹುದು, ಆದರೆ ನನ್ನ ಆಸೆ ಕೇಳಿದರೆ ಮಾಮೂಲಿ ಮಂಗಳವಾರವೇ ಒಳ್ಳೆಯದು. ಹಬ್ಬದ ದಿನ ಬಂದವರು ಅತಿಥಿಗಳಾಗುತ್ತಾರೆ, ಪಾಠದ ದಿನ ಬಂದವರು ಪಾಠದವರೇ ಆಗುತ್ತಾರೆ.

ಪ್ರಶ್ನೆ: ನನಗೆ 68 ವರ್ಷ. ಮಳವಳ್ಳಿ ಕಡೆಯ ಹಳ್ಳಿಯಿಂದ ಬಂದು ಮೈಸೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗಳು ಇಂಗ್ಲಿಷ್ ಶಾಲೆಯಲ್ಲಿ ಎರಡನೇ ಕ್ಲಾಸು. ಅವಳ ಮಿಸ್ಸು ಅಜ್ಜಿಯಂದಿರು ಬಂದು ಮಕ್ಕಳಿಗೆ ಏನಾದರೂ ಕಲಿಸಬೇಕೆಂದು ಹೇಳಿಕಳಿಸಿದ್ದಾರೆ. ನನಗೆ ಅಕ್ಷರವೇ ಬರುವುದಿಲ್ಲ, ಈ ಕಾಗದವನ್ನೂ ಪಕ್ಕದ ಮನೆಯ ಹುಡುಗಿ ಬರೆಯುತ್ತಿದ್ದಾಳೆ. ಮೊಮ್ಮಗಳಿಗೆ ನನ್ನಿಂದ ಅವಮಾನ ಆಗಬಾರದು. ಹೋಗಲೋ ಬೇಡವೋ?
– ಒಬ್ಬ ಅಜ್ಜಿ, ಮೈಸೂರು

ಉತ್ತರ: ಅಮ್ಮ, ದಯವಿಟ್ಟು ಹೋಗಿ. ಅಕ್ಷರ ಬಾರದಿರುವುದು ನಿಮ್ಮ ತಪ್ಪಲ್ಲ, ನಿಮ್ಮ ಕಾಲದಲ್ಲಿ ಹೆಣ್ಣುಮಗುವನ್ನು ಶಾಲೆಗೆ ಕಳಿಸದೆ ಹೊಲಕ್ಕೂ ತೊಟ್ಟಿಲ ಬಳಿಗೂ ಕಳಿಸಿದವರ ತಪ್ಪು. ಅಳುಗುಳಿ ಮಣೆ ಆಡಿ ಬೆಳೆದವರು ನೀವಾಗಿದ್ದರೆ, ಆ ಮಣೆಯನ್ನೂ ಒಂದು ಹಿಡಿ ಹುಣಸೆ ಬೀಜವನ್ನೂ ತೆಗೆದುಕೊಂಡು ಹೋಗಿ. ಮಣೆ ಹಳ್ಳಿಯಲ್ಲೇ ಉಳಿದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಏಳೇಳರ ಎರಡು ಸಾಲು ಸುತ್ತು ಬರೆದುಕೊಂಡರೂ ಆಟ ನಡೆಯುತ್ತದೆ. 14 ಗುಳಿ, ಗುಳಿಗೆ ಐದರಂತೆ ಬೀಜ ಹಾಕಿದರೆ ಒಟ್ಟು ಎಷ್ಟು ಎಂದು ಮಕ್ಕಳನ್ನು ಕೇಳಿ, ಅವರು 70 ಎಂದು ಹೇಳುವವರೆಗೆ ಕಾಯಿರಿ. ಈ ಗುಳಿಯಿಂದ ಬೀಜ ಎತ್ತಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂದು ಬಿತ್ತುವ ಮೊದಲೇ ಹೇಳಿಸುವುದು ಎರಡನೇ ತರಗತಿಯ ಮಗುವಿಗೆ ತಕ್ಕ ಗಣಿತ. ಅದಕ್ಕೆ ಇಂಗ್ಲಿಷೂ ಬೇಡ, ಅಕ್ಷರವೂ ಬೇಡ. ಮೈಸೂರಿನವರಿಗೆ ಇಂಥ ಆಟಗಳು ಹೊಸತೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳೆಂದರೆ ಬಹಳ ಇಷ್ಟವಿತ್ತು, ಹೊಸ ಹೊಸ ಆಟಗಳನ್ನು ಅವರೇ ಕಟ್ಟುತ್ತಿದ್ದರು. ನಿಮ್ಮಂಥವರು ಮನೆಯಲ್ಲಿ ಬಳಸಿದ ವಸ್ತುಗಳನ್ನು ಕಾಪಾಡಿಡಲೆಂದೇ ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಆರಂಭಿಸಿತು. ಅಲ್ಲಿ ಗಾಜಿನ ಹಿಂದೆ ಇಡುವಂಥದ್ದು ನಿಮ್ಮ ಕೈಯಲ್ಲಿ ಇನ್ನೂ ಜೀವಂತವಾಗಿದೆ.

ನಿಮ್ಮ ಹಳ್ಳಿಯ ಮಾತಿನಲ್ಲೇ ಮಾತನಾಡಿ. ‘ಬತ್ತೀನಿ, ಹೋಯ್ತೀನಿ’ ಎಂದರೆ ಮಕ್ಕಳು ಮೊದಲ ಐದು ನಿಮಿಷ ನಕ್ಕಾರು, ಆಮೇಲೆ ಆಟದಲ್ಲಿ ಮುಳುಗುತ್ತಾರೆ. ಇನ್ನೊಂದು ಮಾತನ್ನು ಮೊಮ್ಮಗಳಿಗೂ ಅವಳ ಮಿಸ್ಸಿಗೂ ಓದಿ ಹೇಳಿಸಿ. ಆಟ ಮುಗಿದ ಮೇಲೆ ಹತ್ತು ನಿಮಿಷ ಮೊಮ್ಮಗಳು ನಿಮಗೆ ಗುರುವಾಗಲಿ. ನಿಮ್ಮ ಹೆಸರಿನ ಅಕ್ಷರಗಳನ್ನು ಸ್ಲೇಟಿನ ಮೇಲೆ ಒಂದೊಂದಾಗಿ ಬರೆದುಕೊಟ್ಟು ತಿದ್ದಿಸಲಿ. ತಾನು ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸುವ ಮಗು ಅದನ್ನು ಮರೆಯುವುದಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ಒಬ್ಬ ತಾಯಿ ಮೊಮ್ಮಗನ ಕೈಯಲ್ಲಿ ಹೀಗೆ ತಿದ್ದಿ ಕಲಿತು, ಪಿಂಚಣಿಯ ಕಾಗದಕ್ಕೆ ತಾವೇ ರುಜು ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೊನೆಯ ಅಕ್ಷರದ ಒತ್ತು ಬಿಟ್ಟುಹೋಗಿತ್ತು. ಮೊಮ್ಮಗ ಅದನ್ನು ತೋರಿಸಿದ, ಅವರು ಪೆನ್ನು ಇಸಿದುಕೊಂಡು ಒತ್ತನ್ನು ಸೇರಿಸಿದರು.

ಪ್ರಶ್ನೆ: ನಮ್ಮ ಮಗಳ ಶಾಲೆಗೆ ಕಥೆ ಹೇಳಲು ಬಂದಿದ್ದ ಹಿರಿಯರೊಬ್ಬರು ಮಕ್ಕಳನ್ನು ಒಬ್ಬೊಬ್ಬರಾಗಿ ‘ನೀನು ಯಾರ ಮನೆಯವನು, ನೀವು ಯಾವ ಜನ’ ಎಂದು ಕೇಳಿದರಂತೆ. ಸಂಜೆ ಮನೆಗೆ ಬಂದ ಮಗಳು ‘ಅಪ್ಪ, ನಾವು ಯಾವ ಜನ’ ಎಂದು ನನ್ನನ್ನು ಕೇಳಿದಳು. ಮಾತನಾಡಿದ ಒಬ್ಬ ಹುಡುಗನ ಕಿವಿಯನ್ನೂ ಹಿಂಡಿದರಂತೆ. ಇಂಥ ಕಾರ್ಯಕ್ರಮಗಳನ್ನು ನಿಲ್ಲಿಸುವುದೇ ಒಳ್ಳೆಯದಲ್ಲವೇ?
– ಒಬ್ಬ ತಂದೆ, ಮಂಡ್ಯ

ಉತ್ತರ: ನಿಮ್ಮ ನೋವು ನನಗೆ ಪೂರ್ತಿಯಾಗಿ ಅರ್ಥವಾಗುತ್ತದೆ, ಇದನ್ನು ‘ವಯಸ್ಸಾದವರು, ಬಿಡಿ’ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಜಾತಿಯ ಹೆಸರಿನಲ್ಲಿ ಭೇದ ಮಾಡಬಾರದೆಂದು ಸಂವಿಧಾನವೇ ಹೇಳಿರುವಾಗ, ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಬಿಸಿಯೂಟ ಉಣ್ಣುವ ಶಾಲೆಯೊಳಗೆ ಆ ಪ್ರಶ್ನೆಗೆ ಜಾಗವಿಲ್ಲ. ಮಕ್ಕಳ ಮೇಲೆ ಕೈ ಮಾಡುವುದನ್ನಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಶಿಕ್ಷಕರಿಗೆ ಇಲ್ಲದ ಅಧಿಕಾರ ಅತಿಥಿಗಳಿಗೂ ಇಲ್ಲ.

ಆದರೂ ಬಾಗಿಲು ಮುಚ್ಚಬೇಡಿ ಎಂದೇ ನನ್ನ ವಿನಂತಿ. ಇಲ್ಲಿ ಎಡವಿದ್ದು ಆ ಹಿರಿಯರಿಗಿಂತ ಹೆಚ್ಚಾಗಿ ಅವರನ್ನು ಮಕ್ಕಳ ಮುಂದೆ ಒಬ್ಬರನ್ನೇ ಬಿಟ್ಟ ಶಾಲೆ. ನಮ್ಮ ಹಳ್ಳಿಗಳಲ್ಲಿ ‘ಯಾರ ಮನೆಯವನು’ ಎಂಬುದು ಗುರುತು ಹಿಡಿಯುವ ಮೊದಲ ಮಾತು, ಅದರ ಬೆನ್ನಿಗೇ ಎರಡನೆಯ ಪ್ರಶ್ನೆ ಯೋಚನೆಯೇ ಇಲ್ಲದೆ ಬಂದುಬಿಡುತ್ತದೆ. ಆದ್ದರಿಂದ ಮುಖ್ಯ ಶಿಕ್ಷಕರು ಹಿರಿಯರನ್ನು ಒಳಗೆ ಕರೆದುಕೊಂಡು ಹೋಗುವ ಮೊದಲು ಕಾಫಿ ಕೊಟ್ಟು ಕೂರಿಸಿ, ಮೂರು ಸಂಗತಿಗಳನ್ನು ನೇರವಾಗಿ ಹೇಳಬೇಕು: ಜಾತಿ ಕೇಳುವಂತಿಲ್ಲ, ಮಗುವನ್ನು ಮುಟ್ಟಿ ದಂಡಿಸುವಂತಿಲ್ಲ, ಹೆಣ್ಣುಮಕ್ಕಳಿಗೆ ಒಂದು ಗಂಡುಮಕ್ಕಳಿಗೆ ಒಂದು ಎಂದು ಭೇದ ಮಾಡುವಂತಿಲ್ಲ. ಶಿಕ್ಷಕರು ತರಗತಿಯನ್ನು ಬಿಟ್ಟು ಕದಲಬಾರದು. ಮಾತು ಹಳಿ ತಪ್ಪಿದರೆ ‘ತಾತ, ಮಕ್ಕಳು ಅವರ ಹೆಸರು ಹೇಳುತ್ತಾರೆ, ನೀವು ಕಥೆ ಮುಂದುವರಿಸಿ’ ಎಂದು ಆಗಲೇ, ಮಕ್ಕಳ ಎದುರಿಗೇ ತಿರುಗಿಸಬೇಕು. ಆಮೇಲೆ ಒಂಟಿಯಾಗಿ ಕರೆದು ಹೇಳಿದರೆ ಹಿರಿಯರಿಗೆ ತಿಳಿಯುತ್ತದೆ, ಮಕ್ಕಳಿಗೆ ತಿಳಿಯುವುದಿಲ್ಲ.

ಮಗಳಿಗೆ ನೀವು ಏನು ಉತ್ತರ ಕೊಟ್ಟಿರೋ ಪತ್ರದಲ್ಲಿಲ್ಲ. ಇನ್ನೂ ಕೊಟ್ಟಿಲ್ಲವಾದರೆ, ಆ ಪ್ರಶ್ನೆಯನ್ನು ಶಾಲೆಯಲ್ಲಿ ಯಾರೂ ಯಾರನ್ನೂ ಕೇಳಬಾರದು, ಕೇಳಿದ್ದು ತಪ್ಪು ಎಂದು ಸ್ಪಷ್ಟವಾಗಿ ಹೇಳಿ. ಶಾಲೆಯ ಜಗಲಿಯ ಮೇಲೆಯೇ ಕುಳಿತು ಒಳಗಿನ ಪಾಠ ಕೇಳಿಸಿಕೊಳ್ಳಬೇಕಾಗಿ ಬಂದವರೂ ಹಿಂದಿನ ತಲೆಮಾರಿನ ಹಿರಿಯರಲ್ಲಿದ್ದಾರೆ. ಅಂಥವರೊಬ್ಬರು ತಾವಾಗಿ ಹೇಳಲು ಮನಸ್ಸು ಮಾಡಿದರೆ, ನಾಲ್ಕೈದನೇ ತರಗತಿಯ ಮಕ್ಕಳು ಅದನ್ನು ಅವರ ಬಾಯಿಂದಲೇ ಕೇಳುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಕಬ್ಬು ಕಡಿಯಲು ಹೊರ ಜಿಲ್ಲೆಗಳಿಂದ ಬಂದವರ ಮಕ್ಕಳಿದ್ದಾರೆ. ಅವರ ತಾತ–ಅಜ್ಜಿಯರು ದೂರದ ಊರಿನಲ್ಲಿದ್ದಾರೆ. ಇಬ್ಬರು ಮಕ್ಕಳಿಗೆ ಅಜ್ಜ–ಅಜ್ಜಿ ಯಾರೂ ಉಳಿದಿಲ್ಲ. ‘ನಾಳೆ ನಿಮ್ಮ ಅಜ್ಜಿಯನ್ನು ಕರೆತನ್ನಿ’ ಎಂದರೆ ಈ ಮಕ್ಕಳ ಮುಖ ನೋಡಲಾಗುವುದಿಲ್ಲ.
– ಶಿಕ್ಷಕ, ಮದ್ದೂರು ತಾಲ್ಲೂಕು

ಉತ್ತರ: ಆ ವಾಕ್ಯವನ್ನೇ ಹೇಳಬೇಡಿ. ಮಗುವಿಗೆ ಅಜ್ಜಿಯನ್ನು ತರುವ ಹೊಣೆ ಕೊಡಬಾರದು, ಶಾಲೆಯೇ ಹಿರಿಯರನ್ನು ಕರೆಯಬೇಕು, ಬಂದವರು ಇಡೀ ತರಗತಿಗೆ ತಾತ, ಇಡೀ ತರಗತಿಗೆ ಅಜ್ಜಿ. ಬಿಸಿಯೂಟದ ಅಡುಗೆಯವರಲ್ಲಿ ವಯಸ್ಸಾದವರಿದ್ದರೆ, ನಿವೃತ್ತ ಅಂಚೆಯವರಿದ್ದರೆ, ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡಿ ಅನುಭವವಿರುವವರಿದ್ದರೆ ಅವರೇ ಸಾಕು, ಮೊಮ್ಮಕ್ಕಳು ಆ ಶಾಲೆಯಲ್ಲೇ ಓದುತ್ತಿರಬೇಕೆಂದೇನೂ ಇಲ್ಲ. ಕಬ್ಬು ಕಡಿಯುವವರ ಮಕ್ಕಳಿಗಾಗಿ ನೀವು ಇನ್ನೂ ಒಂದು ಹೆಜ್ಜೆ ಇಡಬಹುದು. ಅವರ ತಂದೆ–ತಾಯಿಯ ಒಪ್ಪಿಗೆ ಪಡೆದು, ಊರಿನಲ್ಲಿರುವ ಹಿರಿಯರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಮಕ್ಕಳ ನಡುವೆ ಇಡಿ. ಉತ್ತರ ಕರ್ನಾಟಕದ ಮಗುವೊಂದು ತಾತನನ್ನು ‘ಮುತ್ಯಾ’ ಎಂದು ಕೂಗಿದಾಗ ನಿಮ್ಮ ಊರಿನ ಮಕ್ಕಳು ಒಂದು ಹೊಸ ಕನ್ನಡ ಪದ ಕಲಿಯುತ್ತಾರೆ. ಅಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದಿನ ಬಗ್ಗೆ ಅವರು ಹೇಳುತ್ತಾರೆ, ಇಲ್ಲಿ ಮುದ್ದೆ ಕಟ್ಟುವುದನ್ನು ನಿಮ್ಮ ಮಕ್ಕಳು ಹೇಳಲಿ. ಕಬ್ಬಿನ ಗದ್ದೆಯ ಅಂಚಿನ ಗುಡಿಸಲಿನಿಂದ ಬಂದು ಹಿಂದಿನ ಸಾಲಿನಲ್ಲಿ ಮಾತಿಲ್ಲದೆ ಕೂರುವ ಮಗುವಿಗೆ ಆ ದಿನ ಎಲ್ಲರಿಗೂ ವಿವರಿಸಿ ಹೇಳುವಂಥದ್ದು ಇರುತ್ತದೆ.

ಪ್ರಶ್ನೆ: ಒಮ್ಮೆ ಕರೆದಿದ್ದಕ್ಕೆ ಒಬ್ಬ ತಾತ ಈಗ ದಿನವೂ ಬಂದು ಶಾಲೆಯ ಜಗಲಿಯ ಮೇಲೆ ಕೂರುತ್ತಾರೆ. ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಏನು ಮಾಡಲಿ?
– ಮುಖ್ಯ ಶಿಕ್ಷಕಿ, ನಂಜನಗೂಡು ತಾಲ್ಲೂಕು

ಉತ್ತರ: ಅವರಿಗೆ ದಿನ ಮತ್ತು ಕೆಲಸ ಗೊತ್ತುಮಾಡಿ. ವಾರಕ್ಕೆರಡು ದಿನ, ಬಿಸಿಯೂಟದ ನಂತರದ ಅರ್ಧ ಗಂಟೆ, ಮಕ್ಕಳು ಓದುವುದನ್ನು ಕೇಳಿಸಿಕೊಳ್ಳುವುದು ಅವರ ಕೆಲಸವಾಗಲಿ. ತಪ್ಪು ತಿದ್ದಬೇಕಾಗಿಲ್ಲ, ಓದು ಬಾರದವರಾದರೂ ಚಿಂತೆಯಿಲ್ಲ. 22 ಮಕ್ಕಳಿರಲಿ 30 ಇರಲಿ, ಒಂದೊಂದು ಮಗುವೂ ಗಟ್ಟಿಯಾಗಿ ಓದುವುದನ್ನು ಕೊನೆಯವರೆಗೆ ಕುಳಿತು ಕೇಳುವಷ್ಟು ಹೊತ್ತು ನಿಮಗೆ ಸಿಗುವುದಿಲ್ಲ. ಅವರಿಗೆ ಸಿಗುತ್ತದೆ. ‘ಆಮೇಲೇನಾಯ್ತು’ ಎಂದು ಅವರು ಕೇಳಿದರೆ ಮಗು ಪುಟ ತಿರುಗಿಸುತ್ತದೆ, ಸರಾಗ ಓದಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಸಕ್ಕರೆ ಕಾಯಿಲೆಯಿದ್ದರೆ ಊಟ ಮಾಡಿಕೊಂಡೇ ಬರಲು ಹೇಳಿ, ಬಾಗಿಲು ತೆರೆದಿರಲಿ, ನೀವು ಕಾಣುವ ಜಾಗದಲ್ಲೇ ಓದು ನಡೆಯಲಿ. ನೆಲದ ಮೇಲೆ ಕೂರಿಸಬೇಡಿ, ಮಂಡಿ ನೋವು ಅವರು ಹೇಳಿಕೊಳ್ಳುವುದಿಲ್ಲ. ಕಿಟಕಿಯ ಪಕ್ಕ, ಬೆಳಕು ಪುಸ್ತಕದ ಮೇಲೆ ಬೀಳುವಂತೆ ಒಂದು ಕುರ್ಚಿ ಹಾಕಿಸಿ, ಮಗು ಯಾವ ಕಿವಿಯ ಕಡೆ ಕುಳಿತರೆ ಚೆನ್ನಾಗಿ ಕೇಳಿಸುತ್ತದೆ ಎಂದು ಅವರನ್ನೇ ಕೇಳಿಕೊಳ್ಳಿ.